ಹಲ್ಲಿಗೆ ಹುಬ್ಬಿರುವುದಿಲ್ಲ

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ ಎಂದು ನಿಮ್ಮನ್ನೇ ಕೇಳೋಣವೆಂದಿದ್ದೆ. ಆಮೇಲೆ, ಓದುಗರಿಗೂ ಅವರದೇ ನೂರೆಂಟು ಕೆಲಸ ಇರುತ್ತದೆ ಅನ್ನಿಸಿ ಸುಮ್ಮನಾದೆ.

ಮೊದಲ ಡ್ರಾಫ್ಟ್ ಕನ್ನಡಿಯ ಮುಂದೆ ಶುರುವಾಗಿತ್ತು. ಕೊರಿಯನ್ ಫೇಸ್ ಮಾಸ್ಕಿನ ಕಥೆ ಅಂದಮೇಲೆ ಕನ್ನಡಿ ಇರಬೇಕಲ್ಲ. ನಾಯಕಿ ಕನ್ನಡಿಯನ್ನು ನೋಡುತ್ತಾಳೆ, ಕನ್ನಡಿ ನಾಯಕಿಯನ್ನು ನೋಡುತ್ತದೆ, 'ನಾನು ಯಾರು' ಎಂಬ ಪ್ರಶ್ನೆ ಇಬ್ಬರನ್ನೂ ಕಾಡುತ್ತದೆ. ಎರಡು ಪುಟ ಆದಮೇಲೆ ಓದಿದೆ, ನನಗೇ ಆಕಳಿಕೆ ಬಂತು. ಹರಿದುಹಾಕಿದೆ. (ಸುಳ್ಳು. ಡಿಲೀಟ್ ಮಾಡಿದೆ. ಹರಿದುಹಾಕಿದೆ ಅಂದರೆ ಸ್ವಲ್ಪ ಮರ್ಯಾದೆ.)

೧

ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ಇಬ್ಬರು ಅಕ್ಕತಂಗಿಯರು. ಅಕ್ಕ ಹಲ್ಲಿನ ಸೆಟ್ ಮಾಡುವವಳು. ಅವಳ ಲ್ಯಾಬ್ ಮನೆಯ ಮುಂದಿನ ಕೋಣೆಯಲ್ಲೇ ಇದೆ, ಗೋಡೆಯ ತುಂಬ ಪ್ಲಾಸ್ಟರಿನ ದವಡೆಗಳು. ತಂಗಿ ಬಸ್ ನಿಲ್ದಾಣದ ಅನೌನ್ಸರ್. ಒಂಬತ್ತು ವರ್ಷದಿಂದ ಅವಳ ಧ್ವನಿ ಊರಿಗೆಲ್ಲ ಗೊತ್ತು, ಮುಖ ಯಾರಿಗೂ ಗೊತ್ತಿಲ್ಲ. ಯಾವ ಬಸ್ಸಾದರೂ ಎರಡು ಸಲ ಕೂಗಬೇಕು ಎಂಬುದು ಅಲ್ಲಿಯ ನಿಯಮ. ಅದೇ ಅಭ್ಯಾಸವಾಗಿ ಮನೆಯಲ್ಲೂ "ಉಪ್ಪು ಕೊಡು, ಉಪ್ಪು ಕೊಡು" ಅನ್ನುತ್ತಾಳೆ. ಈಗ ನಿಲ್ದಾಣಕ್ಕೆ ದೊಡ್ಡ ಸ್ಕ್ರೀನುಗಳು ಬಂದಿವೆ, ಕೂಗುವವರು ಇನ್ನು ಕಾಣಿಸಲೂ ಬೇಕು. ನಾಳೆ ಬೆಳಿಗ್ಗೆ ಅವಳ ಕ್ಯಾಮೆರಾ ಟೆಸ್ಟ್.

ನಾಲ್ಕು ತಿಂಗಳ ಹಿಂದೆ ಅಮ್ಮನ ಮನೆಯಲ್ಲಿ ಊಟಕ್ಕೆ ಕೂತಾಗ ತಂಗಿ ಈ ಸುದ್ದಿ ಹೇಳಿದ್ದಳು. ಅಕ್ಕ ತಟ್ಟೆಯಿಂದ ತಲೆ ಎತ್ತದೆ, "ನಿಂಗೆ ಧ್ವನಿ ಇದೆ, ಸಾಕಲ್ಲ. ಮುಖ ಯಾಕೆ ತೋರಿಸಕ್ಕೆ ಹೋಗ್ತೀಯ" ಅಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ.

(ಇಲ್ಲಿ ಅಕ್ಕ ತಗಾದೆ ತೆಗೆದಳು. "ನಾನು ಅಷ್ಟು ಕೆಟ್ಟದಾಗಿ ಹೇಳಿರ್ಲಿಲ್ಲ." ಮತ್ತೆ ಹೇಗೆ ಹೇಳಿದಿರಿ ಎಂದೆ. ಸ್ವಲ್ಪ ಯೋಚಿಸಿ, "ಹೀಗೇ ಹೇಳಿದ್ದು. ಬರೆದ್ರೆ ಕೆಟ್ಟದಾಗಿ ಕಾಣುತ್ತೆ" ಎಂದಳು.)

೨

ಭಾನುವಾರ ಮಧ್ಯಾಹ್ನ ತಂಗಿ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಗುಲಾಬಿ ಬಣ್ಣದ ಪ್ಯಾಕೆಟ್. ಒಳಗೆ ಪುಡಿ, ಹೊರಗೆ ಕೊರಿಯನ್ ಅಕ್ಷರ, ಸಣ್ಣ ಸಣ್ಣ ಚಿತ್ರ.

"ಕಲಸೋದು ಹೇಗೆ ಅಂತ ಗೊತ್ತಾಗ್ತಿಲ್ಲ. ಪುಡಿ ಕಲಸೋದು ನಿನ್ನ ಕೆಲಸ ಅಲ್ವಾ, ಅದಕ್ಕೆ ಬಂದೆ. ಬೇರೇನಿಲ್ಲ." ಒಂದು ಕ್ಷಣ ಬಿಟ್ಟು, "ಬೇರೇನಿಲ್ಲ" ಎಂದಳು.

ಅಕ್ಕ ಪುಡಿಯನ್ನು ಮೂಸಿ, ಬೆರಳಲ್ಲಿ ತಿಕ್ಕಿ ನೋಡಿದಳು. "ಅಯ್ಯೋ, ಇದು ನಾವು ಹಲ್ಲಿನ ಅಚ್ಚು ತೆಗೆಯೋ ಪುಡೀನೇ. ವಾಸನೆ ಬೆರೆಸಿದಾರೆ ಅಷ್ಟೆ. ಬಾ, ಕೂತ್ಕೊ."

"ಚಿತ್ರ ನೋಡಲ್ವಾ?"

"ಹದಿನಾರು ವರ್ಷದಿಂದ ಕಲಸ್ತಿದೀನಿ. ನಂಗೆ ಚಿತ್ರ ಬೇಕಾ?"

೪

(೩ನ್ನು ಕೈಬಿಟ್ಟಿದ್ದೇನೆ. ಅದರಲ್ಲಿ ತಂಗಿ ಬಾಲ್ಯವನ್ನು ನೆನೆಸಿಕೊಳ್ಳುತ್ತಿದ್ದಳು. ನಿಮಗೂ ಬಾಲ್ಯ ಇದೆ, ಬೇಕಾದರೆ ಅದನ್ನೇ ನೆನೆಸಿಕೊಳ್ಳಿ.)

ಅಕ್ಕ ರಬ್ಬರ್ ಬಟ್ಟಲಲ್ಲಿ ಪುಡಿ ಕಲಸಿ, ಗಟ್ಟಿಯಾಗುವ ಮುಂಚೆ ಹಣೆಯಿಂದ ಗಲ್ಲದವರೆಗೆ ಎಳೆದಳು. ಕಣ್ಣು, ಮೂಗಿನ ಹೊಳ್ಳೆ ಬಿಟ್ಟು ಉಳಿದದ್ದೆಲ್ಲ ಮುಚ್ಚಿತು.

"ಹದಿನೈದು ನಿಮಿಷ ಮಾತಾಡ್ಬೇಡ. ನಗಬೇಡ."

ದಿನಕ್ಕೆ ಎಂಟು ಗಂಟೆ ಮಾತಾಡುವವಳ ಬಾಯಿ ಮುಚ್ಚಿತ್ತು. ನಾಲ್ಕು ತಿಂಗಳಿಂದ ಮಾತಾಡದ ಅಕ್ಕ ಎದುರಿಗಿದ್ದಳು. ಬಟ್ಟಲು ತೊಳೆದಳು. ತೊಳೆದ ಬಟ್ಟಲನ್ನೇ ಮತ್ತೆ ತೊಳೆದಳು.

"ಅವತ್ತು ನಾನು ಹಾಗನ್ನಬಾರದಿತ್ತು" ಎಂದಳು, ನಲ್ಲಿಯ ಕಡೆ ನೋಡುತ್ತಾ. "ನಿನ್ನ ಮುಖಕ್ಕೆ ಹೇಳಿದ್ದಲ್ಲ ಅದು. ಇಬ್ರದ್ದೂ ಒಂದೇ ಅಚ್ಚು ಅಂತಾರಲ್ಲ ಅಮ್ಮ. ನನ್ನ ಮುಖ ಯಾರಿಗೂ ಬೇಡ ಅಂತ ನಾನೇ ಅಂದ್ಕೊಂಡಿದೀನಿ. ಅದನ್ನ ನಿನ್ನ ತಲೆಗೂ ಕಟ್ಟಿದೆ. ತಪ್ಪಾಯ್ತು."

ತಂಗಿಯಿಂದ ಇಲ್ಲೊಂದು ಹನಿ ಕಣ್ಣೀರು ಹಾಕಿಸೋಣವೆಂದು ನನಗೆ ಆಸೆಯಾಯಿತು. ಮಾಸ್ಕ್ ಕೆಡುತ್ತದೆ, ಬೇಡ ಎಂದು ಅಕ್ಕ ತಡೆದಳು.

೫

ಗಲ್ಲದ ಕಡೆಯಿಂದ ಕಿತ್ತಾಗ ಮಾಸ್ಕ್ ಸೊಗಸಾಗಿ ಎದ್ದು ಬಂತು. ತುಟಿ ದಾಟಿತು, ಮೂಗು ದಾಟಿತು, ಹುಬ್ಬಿನ ಹತ್ತಿರ ಬಂದು ನಿಂತಿತು. ಅಕ್ಕ ಕೈಗೆ ರೂಢಿಯಾದ ಹಾಗೆ ಒಂದೇ ಸಲ ಜಗ್ಗಿದಳು. ತಂಗಿ ಕಿರುಚಿದ್ದನ್ನು ಮಾತ್ರ ಯಾರೂ ಎರಡನೇ ಸಲ ಕೇಳಬೇಕಾಗಿರಲಿಲ್ಲ.

ಪ್ಯಾಕೆಟ್ಟಿನ ಎರಡನೇ ಚಿತ್ರದಲ್ಲಿ ಒಂದು ಪುಟ್ಟ ಕ್ರೀಮ್ ಡಬ್ಬಿ, ಅದರಿಂದ ಹುಬ್ಬಿನ ಕಡೆ ಹೋಗುವ ಬಾಣ. ಮೊದಲು ಹುಬ್ಬಿಗೆ ಜಿಡ್ಡು ಸವರಿಕೊಳ್ಳಿ ಎಂದು ಚಿಕ್ಕ ಮಕ್ಕಳಿಗೂ ತಿಳಿಯುವ ಹಾಗಿದೆ. ಆದರೆ ಹದಿನಾರು ವರ್ಷದಲ್ಲಿ ಅಕ್ಕ ಯಾವ ಅಚ್ಚಿಗೂ ಜಿಡ್ಡು ಸವರಿದವಳಲ್ಲ. ಹಲ್ಲಿಗೆ ಹುಬ್ಬಿರುವುದಿಲ್ಲ.

ಎಡಹುಬ್ಬಿನ ಅರ್ಧ ಮಾಸ್ಕಿಗೆ ಅಂಟಿಕೊಂಡು ಬಂದಿತ್ತು.

ಮುಕ್ತಾಯ, ಒಂದನೇ ಪ್ರಯತ್ನ: ತಂಗಿ ಪೆನ್ಸಿಲಿನಲ್ಲಿ ಹುಬ್ಬು ಬರೆದುಕೊಂಡು ಹೋಗುತ್ತಾಳೆ, ಆಯ್ಕೆಯಾಗುತ್ತಾಳೆ, ಅವಳ ಮುಖ ನೋಡಿ ಬಸ್ಸುಗಳೆಲ್ಲ ಸರಿಯಾದ ಸಮಯಕ್ಕೆ ಹೊರಡುತ್ತವೆ. (ಕೊನೆಯದನ್ನು ಯಾರೂ ನಂಬುವುದಿಲ್ಲ.)

ಎರಡನೇ ಪ್ರಯತ್ನ: ಆಯ್ಕೆಯಾಗುವುದಿಲ್ಲ. ಮುಖ ನಶ್ವರ, ಧ್ವನಿ ಶಾಶ್ವತ ಎಂಬ ಜ್ಞಾನೋದಯವಾಗುತ್ತದೆ. "ಇದನ್ನ ಬರೆದ್ರೆ, ನೀವು ಬಂದಾಗ ನಿಮ್ಮ ಬಸ್ಸಿಗೆ ಬೇರೆ ಪ್ಲಾಟ್‌ಫಾರ್ಮ್ ಹೇಳ್ತೀನಿ" ಎಂದಳು ತಂಗಿ. ಹೇಳುವವಳೇ. ಅಳಿಸಿದೆ.

ನಿಜಕ್ಕೂ ಆದದ್ದು ಇಷ್ಟು. ತಂಗಿ ಕನ್ನಡಿ ಕೇಳಲಿಲ್ಲ. ಒಂದೂವರೆ ಹುಬ್ಬಿನ ಮುಖ ಹೊತ್ತು ಅಕ್ಕನ ಕಡೆ ತಿರುಗಿ ಕೂತಳು.

"ಹುಬ್ಬು ಬೆಳೆಯುತ್ತೆ, ಬಿಡು. ಆಗ ಏನೋ ಅಂದೆಯಲ್ಲ, ಇನ್ನೊಂದ್ಸಲ ಹೇಳು."

"ಕೇಳಿಸ್ತಲ್ಲ."

"ಮಾಸ್ಕಿಗೆ ಹೇಳಿದೆ, ಅದೂ ನಲ್ಲಿ ನೋಡ್ಕೊಂಡು. ನಮ್ಮಲ್ಲಿ ಒಂದು ಸಲ ಹೇಳಿದ್ರೆ ಹೇಳಿದ ಹಾಗಲ್ಲ. ಮೊದಲನೇ ಸಲಕ್ಕೆ ಜನ ತಲೆ ಎತ್ತುತ್ತಾರೆ ಅಷ್ಟೆ. ಎರಡನೇ ಸಲ ಕೇಳಿಸ್ಕೋತಾರೆ. ನನ್ನ ಮುಖ ನೋಡಿ ಹೇಳು."

ಅಕ್ಕ ಒದ್ದೆ ಕೈ ಒರೆಸಿಕೊಂಡಳು. ದವಡೆಗಳನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನೀವು ಸ್ವಲ್ಪ ಆಚೆ ಹೋಗ್ತೀರಾ? ನಿಮ್ಮೆದುರಿಗೆ ಆಗಲ್ಲ."

"ಕಥೆ ನನ್ನದು" ಎಂದೆ.

"ಅಕ್ಕ ನನ್ನವಳು" ಎಂದಳು ತಂಗಿ.

ಹೊರಗೆ ಬಂದೆ. ಬಾಗಿಲು ಹಾಕಿಕೊಂಡರು. ನಾಚಿಕೆ ಬಿಟ್ಟು ಕಿವಿಗೊಟ್ಟೆ, ಅಕ್ಕನ ಧ್ವನಿ ತಗ್ಗಿನದು, ಒಂದಕ್ಷರವೂ ಕೇಳಿಸಲಿಲ್ಲ. ಮೊದಲನೇ ಸಲಕ್ಕೆ ನೀವೂ ಇದ್ದಿರಿ, ನಾನೂ ಇದ್ದೆ. ಎರಡನೆಯದು ನಮಗಲ್ಲ. ಗಡಿಬಿಡಿಯಲ್ಲಿ ಆ ಮಾಸ್ಕ್ ನನ್ನ ಕೈಯಲ್ಲೇ ಬಂದುಬಿಟ್ಟಿದೆ, ಒಳಗಡೆ ಎಡಹುಬ್ಬಿನ ಅರ್ಧ ಅಂಟಿಕೊಂಡಿದೆ. ವಾಪಸ್ ಕೊಡಬೇಕು. ಬಾಗಿಲು ತಟ್ಟಲು ಮನಸ್ಸು ಬರುತ್ತಿಲ್ಲ.