ಎಡಗಡೆಯ ದೀಪಗಳು

ನಮ್ಮ ಯಜಮಾನರು ಪ್ರೊಫೆಸರು. ನೋಟ ಹುಟ್ಟುವುದು ಕಣ್ಣಿನಲ್ಲಲ್ಲ, ಮಿದುಳಿನ ಹಿಂಭಾಗದಲ್ಲಿ ಎಂದು ಪಾಠ ಹೇಳಿಯೇ ಕೂದಲು ನರೆಸಿಕೊಂಡವರು. ಅಲ್ಲಿ ಒಂದು ಗುಂಪು ನರಕೋಶ ಅಂಚನ್ನು ಹಿಡಿಯುತ್ತದಂತೆ, ಇನ್ನೊಂದು ಚಲನೆಯನ್ನು. ಎಲ್ಲ ಸೇರಿ ಚಿತ್ರ ಕಟ್ಟುತ್ತವಂತೆ. ಎಲ್ಲಾದರೂ ಸುದ್ದಿ ಬರದೆ ಖಾಲಿ ಉಳಿದರೆ ಅಕ್ಕಪಕ್ಕದ ಬಣ್ಣವನ್ನೇ ಎಳೆದು ಬಳಿದುಬಿಡುತ್ತವಂತೆ. ಊಟಕ್ಕೆ ಕೂತರೂ ಇದೇ ಪುರಾಣ.

ನಾನು ಕಾರು ಓಡಿಸುವುದನ್ನು ಕಲಿಸುವವಳು. ನನಗೆ ಗೊತ್ತಿರುವುದು ಬ್ರೇಕು, ಕ್ಲಚ್ಚು, ಕನ್ನಡಿ. ಈಚೆಗೆ ನಮ್ಮ ಕಾರಿನ ಎಡಬದಿಯಲ್ಲಿ ಗೀರಿನ ಮೇಲೆ ಗೀರು ಕಾಣಿಸತೊಡಗಿತು. ಸೋಮವಾರದಿಂದ ಮೊಮ್ಮಗಳನ್ನು ಇದೇ ಕಾರಿನಲ್ಲಿ ಶಾಲೆಗೆ ಬಿಡಬೇಕಾದವರು ಇವರೇ.

"ರೀ, ಇದೇನಿದು?"

"ಯಾವನೋ ತಲೆಕೆಟ್ಟವನು ಉಜ್ಜಿಕೊಂಡು ಹೋಗಿದಾನೆ ಕಣೇ. ನನ್ನ ಕಣ್ಣು ಹುಡುಗರ ಕಣ್ಣಿನ ಥರ ಇದೆ ಅಂತ ಕನ್ನಡಕದವನೇ ಹೇಳಿದಾನೆ."

ಇವರ ಪ್ರಯೋಗಾಲಯದಲ್ಲೊಂದು ರೂಢಿ. ಪ್ರತಿವರ್ಷ ಹೊಸ ವಿದ್ಯಾರ್ಥಿಗಳ ಮುಂದೆ ದೊಡ್ಡ ಬಟ್ಟಲಿನಂಥ ಯಂತ್ರಕ್ಕೆ ಗದ್ದ ಊರಿ ಇವರೇ ಕೂರುತ್ತಾರೆ. ನಡುವಿನ ಚುಕ್ಕೆಯನ್ನೇ ನೋಡುತ್ತ, ಸುತ್ತ ದೀಪ ಮಿನುಗಿದಾಗೆಲ್ಲ ಗುಂಡಿ ಒತ್ತಬೇಕು. ಕಂಡ ಕಡೆ ಬಿಳಿ, ಕಾಣದ ಕಡೆ ಕಪ್ಪಾಗಿ ಯಂತ್ರ ಬರೆಯುವ ನಕ್ಷೆ 'ಆರೋಗ್ಯವಂತನ ನೋಟ' ಎಂದು ಗೋಡೆಗೇರುತ್ತದೆ. ಈ ಸಲ ಎಡಗಡೆ ಪೂರ್ತಿ ಕಪ್ಪು ಬಂತು. ಇವರು ಕೆಂಡಾಮಂಡಲವಾಗಿ ಎಡಗಡೆಯ ದೀಪಗಳನ್ನೆಲ್ಲ ತೆಗೆಸಿ ಹೊಸದು ಹಾಕಿಸಿದರು. ಮತ್ತೆ ಕಪ್ಪು! ಯಂತ್ರ ಮಾರಿದವನಿಗೆ ಫೋನಿನಲ್ಲೇ ಮಂಗಳಾರತಿಯಾಯಿತು.

ಸಂಜೆ ಅದನ್ನೇ ಗೊಣಗುತ್ತಿದ್ದಾಗ ನನಗೆ ಗೀರುಗಳು ನೆನಪಾದವು. ಮರುದಿನ ಬೆಳಿಗ್ಗೆಯೇ ಇವರನ್ನು ಪ್ರಯೋಗಾಲಯಕ್ಕೆ ಹೊರಡಿಸಿಕೊಂಡು ಹೋಗಿ, ಯಂತ್ರಕ್ಕೆ ನಾನು ಗದ್ದ ಊರಿದೆ. ಎಡಗಡೆಯ ಒಂದು ದೀಪವೂ ತಪ್ಪಲಿಲ್ಲ.

ಇವರು ನನ್ನ ನಕ್ಷೆಯನ್ನು ತಮ್ಮ ನಕ್ಷೆಯ ಪಕ್ಕ ಹಿಡಿದು ನೋಡಿದರು.

"ಆದ್ರೆ ನಂಗೆ ಅಲ್ಲಿ ಕಪ್ಪೇನೂ ಕಾಣ್ತಿಲ್ವಲ್ಲೇ..."

"ಕಪ್ಪು ಕಾಣಲ್ಲ, ಅದೇ ಮಜಾ ಅಂತ ದಿನಾ ನನ್ನ ತಲೆ ತಿಂದೋರು ಯಾರು?"

ಅಂದುಬಿಟ್ಟ ಮೇಲೆ ನನಗೇ ಅಳು ಬಂತು. ಇವರು ಜೇಬಿನಿಂದ ಕಾರಿನ ಕೀ ತೆಗೆದು ನನ್ನ ಕೈಗಿಟ್ಟರು. "ಎಡಗಡೆ ನೋಡೋದು ಬಲ ಮಿದುಳು, ಅದರ ಹಿಂಭಾಗ. ಅಲ್ಲಿಗೆ ರಕ್ತ ಹೋಗೋದು ನಿಂತಿರಬೇಕು," ಎಂದರು. ಬೇರೆ ಯಾರದೋ ತಲೆಯ ವಿಷಯ ಹೇಳುವ ದನಿ ಅದು.

ಆಸ್ಪತ್ರೆಗೆ ಕಾರು ನಾನೇ ಓಡಿಸಿದೆ. ಹಾಗಾಗಿ ಇವರ ಬಲಕ್ಕೆ ಕೂತಿದ್ದೆ. ಮನೆಯ ಊಟದ ಮೇಜಿನಲ್ಲಿ ನನ್ನ ಜಾಗ ಯಾವಾಗಲೂ ಇವರ ಎಡಕ್ಕೆ. ಇವರು ದಾರಿಯುದ್ದಕ್ಕೂ ನನ್ನನ್ನೇ ನೋಡುತ್ತಿದ್ದರು.

"ನನ್ನ ಪುರಾಣ ಸಾಕಾಗಿ, ಈಚೆಗೆ ನೀನು ಊಟದ ಮಧ್ಯದಲ್ಲೇ ಎದ್ದು ಹೋಗ್ತಿದೀಯ ಅಂದ್ಕೊಂಡಿದ್ದೆ ಕಣೇ," ಎಂದರು. "ಬೇಜಾರಾಗಿತ್ತು. ಕೇಳಲಿಲ್ಲ."

"ಎಲ್ಲಿಗೂ ಹೋಗಿರಲಿಲ್ಲ ರೀ," ಎಂದೆ. "ಅಲ್ಲೇ ಇದ್ದೆ."