ಮನೆಗೆ ತಂದ ಬೆಲ್ಲ

ಗಾದಿಲಿಂಗಪ್ಪನಿಗೆ ಒಂದು ಲೋಟ ನೀರನ್ನು ಒಂದೇ ಸಲಕ್ಕೆ ಕುಡಿಯುವಷ್ಟು ಉಸಿರು ಇರಲಿಲ್ಲ. ನಾಲ್ಕು ಗುಟುಕು ಕುಡಿದು ಲೋಟ ಇಳಿಸುತ್ತಿದ್ದ, ಬಾಯಿ ತೆರೆದು ಗಾಳಿ ಎಳೆದುಕೊಂಡು ಮತ್ತೆ ಎತ್ತುತ್ತಿದ್ದ. ವಯಸ್ಸು ನಲವತ್ತನಾಲ್ಕು. ಬೀಡಿ ಮುಟ್ಟಿದವನಲ್ಲ. ಸಂಡೂರು ದಾರಿಯ ಒಂದು ಕ್ರಷರ್‌ನಲ್ಲಿ, ಅದಿರು ನುರಿಯುವ ಯಂತ್ರದ ಬಾಯಿಯ ಹತ್ತಿರ ಸಲಾಕೆ ಹಿಡಿದು ಆರು ವರ್ಷ ನಿಂತಿದ್ದ. 2008ರ ಯುಗಾದಿಯ ಹೊತ್ತಿಗೆ ಮೆಟ್ಟಿಲು ಹತ್ತಲಾಗದೆ ಕೆಲಸ ಬಿಟ್ಟು ಹೊಸಪೇಟೆಯ ಮನೆಯಲ್ಲಿ ಕುಳಿತ. ಧೂಳು ಬಿಟ್ಟರೆ ಕೆಮ್ಮೂ ಬಿಡುತ್ತದೆ ಎಂದುಕೊಂಡಿದ್ದ. ಬಿಡಲಿಲ್ಲ.

ಆಗಸ್ಟ್‌ನಲ್ಲಿ ಹೆಂಡತಿ ದುರ್ಗಕ್ಕ ಅವನನ್ನು ಡಾಕ್ಟರ್ ಶ್ರೀಪ್ರಿಯಾ ಹತ್ತಿರ ಕರೆದುಕೊಂಡು ಹೋದಳು. ಮೂಗಿಗೆ ಕ್ಲಿಪ್ಪು ಹಾಕಿ ಕೊಳವೆಯೊಳಗೆ ಊದಿಸಿದರು. ಮೊದಲ ಸೆಕೆಂಡಿನಲ್ಲಿ ಹೊರಬಂದ ಉಸಿರು ಒಂದು ಲೀಟರ್ ಎಂಟುನೂರು ಮಿಲಿ. ಅವನ ಎತ್ತರಕ್ಕೆ ಮೂರು ಲೀಟರ್ ದಾಟಬೇಕಿತ್ತು. ಮೂರು ತಿಂಗಳಿಗೆಂದು ಆರು ಡಬ್ಬಿ ಕ್ಯಾಪ್ಸೂಲ್ ಬರೆದುಕೊಟ್ಟರು. ನುಂಗುವಂಥವಲ್ಲ, ಒಂದು ಪ್ಲಾಸ್ಟಿಕ್ ಸಾಧನದಲ್ಲಿಟ್ಟು ಒಳಗಿನ ಪುಡಿಯನ್ನು ಉಸಿರಿನ ಜೊತೆ ಎಳೆದುಕೊಳ್ಳಬೇಕು. ಬೆಳಿಗ್ಗೆ ಎದ್ದೊಡನೆ ಒಂದು, ಮಲಗುವ ಮುಂಚೆ ಒಂದು. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು.

"ಒಂದು ದಿನಾನೂ ಬಿಡಬ್ಯಾಡ್ರಿ," ಎಂದರು ಡಾಕ್ಟರ್. "ಬರೋವಾಗ ಡಬ್ಬಿ ತಗೊಂಡು ಬರ್ರಿ."

ಒಂದು ವಾರ ತಪ್ಪದೆ ಎಳೆದುಕೊಂಡ. ಎಂಟನೆಯ ದಿನ ಕ್ರಷರ್‌ನ ಜೊತೆಗಾರ ಪಕ್ಕೀರಪ್ಪ ಮಾತಾಡಿಸಲು ಬಂದ.

"ಏನಲೇ ಗಾದಿ, ಮದುಮಗನಂಗ ಕುಂತೀಯಲ್ಲಲೇ!" ಚಹಾ ಹೀರುತ್ತ ದುರ್ಗಕ್ಕನ ಕಡೆ ತಿರುಗಿದ. "ನನ್ನ ನೋಡವಾ, ಗುಂಡಕಲ್ಲಿನಂಗ ಅದೀನಿ. ಡ್ಯೂಟಿ ಮುಗಿದ ಮ್ಯಾಗ ಬೆಲ್ಲ ಕೊಡ್ತಾರಲ್ಲ, ಎದಿಯಾಗಿನ ಧೂಳು ಇಳೀಲಿ ಅಂತ? ಅಲ್ಲೇ ನಿಂತು ಬಾಯಿಗಿ ಹಾಕ್ಕೊಂಡುಬಿಡ್ತೀನಿ. ಈ ಶಾಣ್ಯಾ ಒಂದು ದಿನ ತಿನ್ನಲಿಲ್ಲ. ಪೇಪರ್‌ನಾಗ ಸುತ್ತಿ ಮನೀಗಿ ಒಯ್ತಿದ್ದ."

ಹೇಳಿ ಮುಗಿಸುವುದರೊಳಗೆ ಅವನಿಗೇ ಎರಡು ಸಲ ಕೆಮ್ಮು ಬಂತು. ದುರ್ಗಕ್ಕ ಅದನ್ನು ಗಮನಿಸಲಿಲ್ಲ.

ಆರು ವರ್ಷ ಆ ಬೆಲ್ಲ ತಿಂದವರು ಅವಳು ಮತ್ತು ಮಗಳು. ದುರ್ಗಕ್ಕನ ತವರು ಕಬ್ಬು ಬೆಳೆಯುವ ಎಮ್ಮಿಗನೂರು. ಮೊದಲ ದಿನ ಅವನು ಪೊಟ್ಟಣ ಬಿಚ್ಚಿದಾಗ, "ಎಮ್ಮಿಗನೂರಾಕಿಗೆ ಬೆಲ್ಲ ತಂದೀರಲ್ರಿ, ಅದೂ ಇಂಥ ಕರೇದು," ಎಂದು ನಕ್ಕಿದ್ದಳು. ಆಮೇಲಾಮೇಲೆ ಸಂಜೆಯಾದರೆ ಅವನ ಜೇಬು ನೋಡುತ್ತಿದ್ದಳು. ಮಗಳು ರೊಟ್ಟಿಯ ಜೊತೆ ಅದನ್ನೇ ತಿಂದು ಬೆಳೆದಳು. ಬೆಲ್ಲ ಯಾಕೆ ಕೊಡುತ್ತಾರೆಂದು ದುರ್ಗಕ್ಕ ಕೇಳಿರಲಿಲ್ಲ. ಅವನೂ ಹೇಳಿರಲಿಲ್ಲ.

"ನಿಮ್ಮ ಎದೀ ಔಷಧ ನಾವು ತಿಂದ್ವಿ," ಎಂದಳು, ಪಕ್ಕೀರಪ್ಪ ಹೋದ ಮೇಲೆ.

"ಹುಚ್ಚಿ, ಬೆಲ್ಲ ಅದು."

"ನಿಮಗ ಗೊತ್ತಿತ್ತು."

"ಗೊತ್ತಿತ್ತು. ನನಗ ಸಿಹಿ ಸೇರಂಗಿಲ್ಲ."

ಹಬ್ಬದಲ್ಲಿ ಎಂಟು ಹೋಳಿಗೆ ತಿನ್ನುವವನು ಹೇಳಿದ ಮಾತು ಇದು. ದುರ್ಗಕ್ಕ ಎರಡು ದಿನ ನಿದ್ದೆ ಮಾಡಲಿಲ್ಲ. ಮೂರನೆಯ ದಿನ ತವರಿಗೆ ಹೋಗಿ ಅಣ್ಣನ ಹತ್ತಿರ ಐದು ಕೆಜಿ ಬೆಲ್ಲ ತಂದಳು.

ಎದ್ದೊಡನೆ ಒಂದು ಉಂಡೆ, ಮಲಗುವ ಮುಂಚೆ ಒಂದು ಉಂಡೆ. "ತಿಂದು ಸುಮ್ನ ಕುಂದ್ರಿ. ನೀರು ಮುಟ್ಟಬ್ಯಾಡ್ರಿ, ಬಾಯಿ ತೊಳೀಬ್ಯಾಡ್ರಿ. ಅದು ತಾನಾ ಇಳೀಬೇಕು."

ಕ್ಯಾಪ್ಸೂಲಿನ ಹೊತ್ತೂ ಅದೇ. ಪುಡಿ ಎಳೆದರೆ ಬಾಯಿ ಮುಕ್ಕಳಿಸಬೇಕು. ಮುಕ್ಕಳಿಸಿದರೆ ಬೆಲ್ಲ ತೊಳೆದುಹೋಗುತ್ತದೆ. ಗಾದಿಲಿಂಗಪ್ಪ ಪುಡಿಯನ್ನು ಒಂದು ತಾಸು ಮುಂದೂಡಿದ, ಆಮೇಲೆ ಮಧ್ಯಾಹ್ನಕ್ಕೆ, ಆಮೇಲೆ ನಾಳೆಗೆ. ಎಳೆದಾಗಲೂ ಆ ಕ್ಷಣಕ್ಕೆ ಏನೂ ಹಗುರಾಗುತ್ತಿರಲಿಲ್ಲ. ಬೆಲ್ಲದಿಂದಲೂ ಆಗುತ್ತಿರಲಿಲ್ಲ. ಆದರೆ ಬೆಲ್ಲ ತಿನ್ನಿಸಿದ ರಾತ್ರಿ ದುರ್ಗಕ್ಕ ನಿದ್ದೆ ಮಾಡುತ್ತಿದ್ದಳು. ಅದಕ್ಕೇ ತಿಂದ. ದುರ್ಗಕ್ಕನೋ, ಬೆಳಿಗ್ಗೆ ತಾನು ಖಾನಾವಳಿಗೆ ರೊಟ್ಟಿ ಬಡಿಯಲು ಹೋದ ಮೇಲೆ, ರಾತ್ರಿ ತನಗೆ ಕಣ್ಣು ಹತ್ತಿದ ಮೇಲೆ ಗಂಡ ಪುಡಿ ಎಳೆದುಕೊಳ್ಳುತ್ತಾನೆಂದು ತಿಳಿದಿದ್ದಳು.

ನವೆಂಬರ್‌ನಲ್ಲಿ ನೆಗಡಿ ಎದೆಗೆ ಇಳಿಯಿತು. ಬಚ್ಚಲಿಗೆ ಹೋಗಿಬರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದ. ದುರ್ಗಕ್ಕ ಗೂಟಕ್ಕೆ ತೂಗುಹಾಕಿದ್ದ ಔಷಧಿಯ ಚೀಲವನ್ನು ಹಾಗೇ ಎತ್ತಿಕೊಂಡು ಅವನ ಜೊತೆ ಡಾಕ್ಟರ್ ಹತ್ತಿರ ಹೊರಟಳು.

ಮೂರು ಸಲ ಊದಿದ. ಎಲ್ಲಕ್ಕಿಂತ ಹೆಚ್ಚು ಬಂದದ್ದು ಒಂದು ಲೀಟರ್ ಐನೂರು.

"ದಿನಾ ಎಳ್ಕೊಂಡ್ರೇನು?"

"ಎಳ್ಕೊಂಡೀನ್ರಿ."

ಡಾಕ್ಟರ್ ಚೀಲವನ್ನು ಮೇಜಿನ ಮೇಲೆ ಸುರಿದರು. ಐದು ಡಬ್ಬಿಗಳ ಸೀಲು ಒಡೆದಿರಲಿಲ್ಲ. ಆರನೆಯದರಲ್ಲಿ ನಾಲ್ಕು ಕ್ಯಾಪ್ಸೂಲ್ ಉಳಿದಿದ್ದವು. ದುರ್ಗಕ್ಕ ಗಂಡನ ಮುಖ ನೋಡಿದಳು.

"ಬಾಯಿ ತೊಳೀಬ್ಯಾಡ ಅಂದಿದ್ದಿ," ಎಂದ ಅವನು ಮೆಲ್ಲಗೆ.

ಬೆಲ್ಲದ ಕಥೆಯನ್ನು ಅವಳೇ ಹೇಳಿದಳು. ಡಾಕ್ಟರ್ ಬೈಯಲಿಲ್ಲ.

"ಧೂಳು ಒಳಗ ಹೋದಾಗ ಅದನ್ನ ತಡಿಯಾಕ ರಕ್ತದಾಗಿಂದ ಕಾವಲುಗಾರರು ಬರ್ತಾರ ಅಂದ್ಕೋರಿ. ನಿಮ್ಮ ಮೈಯಾಗಿನವ್ರೇ. ಚೆಕ್‌ಪೋಸ್ಟ್ ಇದ್ದಂಗ. ಈಗ ಧೂಳಿನ ಲಾರಿ ಬರೋದು ನಿಂತದ, ಇವರು ಮಾತ್ರ ಎದ್ದು ಹೋಗಿಲ್ಲ. ಇನ್ನಷ್ಟು ಮಂದೀನ ಕರಸ್ಕೊಂಡು ಅಲ್ಲಿಯ ಗ್ವಾಡೀನ ಬಡೀತಾರ. ಗ್ವಾಡಿ ಬಾತು ಗಾಳಿ ದಾರಿ ಸಣ್ಣದಾಗ್ತದ. ಈ ಪುಡಿ ಅವರನ್ನ ತಣ್ಣಗ ಕುಂದ್ರಸ್ತದ, ಅಷ್ಟ. ಕುಂದ್ರಿಸಿದ್ದು ನಿಮಗ ಗೊತ್ತಾಗಂಗಿಲ್ಲ. ಬಿಟ್ರ ಗೊತ್ತಾಗ್ತದ."

"ಆವಾಗ ಆ ಬೆಲ್ಲ ಇವ್ರೇ ತಿಂದಿದ್ರ, ಅಮ್ಮಾರ?" ದುರ್ಗಕ್ಕನ ದನಿ ಗಟ್ಟಿಯಾಗಿತ್ತು. ಕೈ ಮೇಜಿನ ಅಂಚು ಹಿಡಿದಿತ್ತು.

"ತಿಂದಿದ್ರೂ ಹಿಂಗ ಇರ್ತಿತ್ತು. ಬೆಲ್ಲ ಹೊಟ್ಟಿಗೆ ಹೋಗ್ತದ, ಎದೀಗಲ್ಲ. ಬಾಯಿಗಿ ಕಟ್ಟಾಕ ಮಾಸ್ಕ್ ಕೊಡಬೇಕಿತ್ತು ಆ ಕ್ರಷರ್‌ನವ್ರು. ನೀವು ತಿಂದದ್ದು ಬರೇ ಬೆಲ್ಲ."

ಅವಳು ಡಬ್ಬಿಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿದಳು. "ಹೋದ ಉಸಿರು ತಿರುಗಿ ಬರ್ತದೇನ್ರಿ?"

"ನೆಗಡಿ ಇಳಿದ ಮ್ಯಾಗ ಚೂರು ಬರಬಹುದು. ಉಳಿದದ್ದು ಇಲ್ಲ. ಇರೋದನ್ನ ಕಾಯ್ಕೋರಿ."

ಹೊರಗೆ ಬೇವಿನ ಮರದ ಕೆಳಗೆ ಅವನನ್ನು ಕೂರಿಸಿ, ಕ್ಯಾಪ್ಸೂಲನ್ನು ಅವಳೇ ಸಾಧನದಲ್ಲಿಟ್ಟು ತಿರುವಿ ಕೊಟ್ಟಳು. ಅವನು ಎಳೆದುಕೊಂಡು ಉಸಿರು ಹಿಡಿದ, ಬಿಟ್ಟ.

"ಈಗರೆ ಬಾಯಿ ತೊಳೀಲೇನು?"

"ಬಾಯಿ ಮುಚ್ಚಿ ತೊಳೀರಿ," ಎಂದು ಬೊಗಸೆಗೆ ನೀರು ಹಾಕಿದಳು. ನಗಲು ಹೋಗಿ ಅವನಿಗೆ ಕೆಮ್ಮು ಬಂತು. ಅದು ನಿಲ್ಲುವವರೆಗೂ ಬೆನ್ನು ಸವರಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಅವನಿಗೆಂದು ತಂದಿದ್ದ ಬೆಲ್ಲದ ಉಂಡೆಯನ್ನು ಮುರಿದು ಅರ್ಧ ಅವನಿಗೆ ಕೊಟ್ಟು ಅರ್ಧ ತಾನು ತಿಂದಳು. ಆಗಸ್ಟ್‌ನಿಂದ ಅವಳು ಬೆಲ್ಲ ಬಾಯಿಗಿಟ್ಟಿರಲಿಲ್ಲ.

ಒಂದೂ ಬಿಡದೆ ಕ್ಯಾಪ್ಸೂಲ್ ಎಳೆದುಕೊಂಡು, ನೆಗಡಿ ಪೂರ್ತಿ ಇಳಿದ ಮೇಲೆ, ಡಿಸೆಂಬರ್ ಕೊನೆಯಲ್ಲಿ ಗಾದಿಲಿಂಗಪ್ಪ ಮತ್ತೆ ಊದಿದ. ಒಂದು ಲೀಟರ್ ಐನೂರ ನಲವತ್ತು ಬಂತು. ನಲವತ್ತು ಮಿಲಿ ತಿರುಗಿ ಬಂದಿತ್ತು. ಆಗಸ್ಟ್‌ನ ಲೆಕ್ಕಕ್ಕೆ ಇನ್ನೂರ ಅರವತ್ತು ಮಿಲಿ ಹೋಗಿತ್ತು.