ಒಂದು ಲೋಡು ಸಿಪ್ಪೆ

ನನ್ನ ಹೆಸರು ಮೂಕಮ್ಮ. ಈ ಹೆಸರಿಟ್ಟ ಅಜ್ಜಿ ಈಗ ಬದುಕಿದ್ದರೆ ತನ್ನ ಕೆನ್ನೆಗೆ ತಾನೇ ಬಡಿದುಕೊಳ್ಳುತ್ತಿದ್ದಳು. ನಾನು ಬಾಯಿ ಬಿಟ್ಟರೆ ತೊಗರ್ಸಿ ಊರಿನವರೆಗೂ ಕೇಳುತ್ತದೆ ಎಂದು ನನ್ನ ಗಂಡ ಕೆಂಪಪ್ಪ ಆಡಿಕೊಳ್ಳುತ್ತಾನೆ. ಆಡಿಕೊಳ್ಳಲಿ. ಇಷ್ಟು ದೊಡ್ಡ ಬಾಯಿಯವಳು ಒಂದೇ ಒಂದು ಮಾತನ್ನು ಏಳು ವರ್ಷ ನುಂಗಿಕೊಂಡಿದ್ದೆ. ಅದನ್ನೂ ಹೇಳುತ್ತೇನೆ. ಅದಕ್ಕೆ ಮೊದಲು ಬೈಯಬೇಕಾದವರನ್ನೆಲ್ಲ ಬೈದು ಮುಗಿಸುತ್ತೇನೆ.

ಮೊದಲನೆಯವನು ವೀರಬಸಪ್ಪ. ಕುಪ್ಪಗಡ್ಡೆ ಕಡೆಯವನು. ಅಡಿಕೆ ಇನ್ನೂ ಮರದ ಮೇಲಿರುವಾಗಲೇ ತೋಟ ತೋಟದ ಫಸಲನ್ನು ಗುತ್ತಿಗೆ ಹಿಡಿಯುತ್ತಾನೆ. ನಮ್ಮ ಊರಿನ ಹಿಂದೆ ಅವನ ಶೆಡ್ಡಿದೆ, ಅದರಲ್ಲಿ ನಾಲ್ಕು ಸುಲಿಯುವ ಮೆಷಿನ್ನುಗಳಿವೆ. ದಸರಾಕ್ಕೆ ಶುರುವಾದರೆ ಸಂಕ್ರಾಂತಿ ಕಳೆಯುವವರೆಗೆ ಹಗಲೂ ರಾತ್ರಿ ಗರಗರ. ಅಡಿಕೆ ಅವನಿಗೆ, ಸಿಪ್ಪೆ ನಮಗೆ. ಟ್ರ್ಯಾಕ್ಟರಿನಲ್ಲಿ ತುಂಬಿ ತಂದು ನಮ್ಮ ಮನೆಯೆದುರು ರಸ್ತೆಯ ಆಚೆ ಬದಿಗೆ ಸುರಿಯುತ್ತಾರೆ. ಹಸಿ ಸಿಪ್ಪೆ ರಾಶಿ ಬಿದ್ದು ಕೊಳೆತು ನಾರುತ್ತದೆ. ನಾರಿದ ಮೇಲೆ ಯಾರೋ ಪುಣ್ಯಾತ್ಮರು ಕಡ್ಡಿ ಗೀರುತ್ತಾರೆ. ಧಗಧಗ ಉರಿದರೆ ಒಂದು ದಿನಕ್ಕೆ ಮುಗಿದೀತು. ಈ ಹಾಳು ಸಿಪ್ಪೆ ಉರಿಯುವುದಿಲ್ಲ, ಒಳಗೊಳಗೇ ಕನಲುತ್ತ ತಿಂಗಳುಗಟ್ಟಲೆ ಹೊಗೆ ಬಿಡುತ್ತದೆ.

ಆ ಹೊಗೆಯಲ್ಲಿ ಓಡುತ್ತಿದ್ದವಳು ನನ್ನ ಮಗಳು ರಜನಿ. ಇಪ್ಪತ್ಮೂರು ವರ್ಷ. ಪೊಲೀಸ್ ಆಗಬೇಕೆಂದು ಹಟ ಹಿಡಿದವಳು. ಬರೆಯುವ ಪರೀಕ್ಷೆ ಪಾಸಾಗಿದ್ದಳು, ಉಳಿದದ್ದು ಓಟ. ನಾನೂರು ಮೀಟರು, ಎರಡು ನಿಮಿಷ. ಅದರೊಳಗೆ ಮುಟ್ಟಿದರೆ ಮೈಮೇಲೆ ಖಾಕಿ, ಇಲ್ಲದಿದ್ದರೆ ಮತ್ತೆ ಮನೆಯ ಕಸಪೊರಕೆ. ಕೆಂಪಪ್ಪ ಊರಿಗೆ ನೀರು ಬಿಡುವ ನೀರುಗಂಟಿ. ಪೈಪು ಅಳೆಯುವ ಟೇಪು ಹಿಡಿದು, ತಾಲ್ಲೂಕಿನ ಗಡಿಕಲ್ಲಿನಿಂದ ಬಸ್ ಸ್ಟ್ಯಾಂಡಿನ ಆಚೆವರೆಗೆ ನಾನೂರು ಮೀಟರ್ ಅಳೆದು ಎರಡು ಕಡೆ ಸುಣ್ಣದ ಗೆರೆ ಎಳೆದುಕೊಟ್ಟಿದ್ದ. ಬೆಳಗಿನ ಐದೂವರೆಗೆ ಅವಳು ಓಡುವುದು, ನಾನು ಮೊಬೈಲಿನಲ್ಲಿ ಟೈಮ್ ನೋಡುವುದು. ಮಳೆಗಾಲದಲ್ಲಿ ಒಂದು ನಿಮಿಷ ಐವತ್ತು ಸೆಕೆಂಡಿಗೆ ಬಂದು ನಿಲ್ಲುತ್ತಿದ್ದಳು. ನನಗೆ ಎಷ್ಟು ಹೆಮ್ಮೆಯಾಗುತ್ತಿತ್ತೆಂದರೆ, ಡೈರಿಗೆ ಹಾಲು ಹಾಕಲು ಹೊರಟವರಿಗೆಲ್ಲ ಮೊಬೈಲು ತೋರಿಸುತ್ತಿದ್ದೆ. ದೀಪಾವಳಿ ಹೊತ್ತಿಗೆ ಒಂದು ಐವತ್ತೆಂಟು ಆಯಿತು. ಕಾರ್ತಿಕ ಮುಗಿಯುವಷ್ಟರಲ್ಲಿ ಎರಡು ನಿಮಿಷ ಆರು ಸೆಕೆಂಡು. ಗೆರೆ ಮುಟ್ಟಿದವಳೇ ಮೊಣಕಾಲು ಹಿಡಿದು ಬಗ್ಗಿ ಕೆಮ್ಮುತ್ತಿದ್ದಳು. ಎದೆಯೊಳಗೆ ಬೆಕ್ಕಿನ ಮರಿ ಸೇರಿಕೊಂಡಂತೆ ಕುಂಯ್ ಕುಂಯ್ ಸದ್ದು.

ನಾನು ಶೆಡ್ಡಿಗೇ ಹೋದೆ.

"ಏನ್ರೀ ವೀರಬಸಪ್ಪ, ನಿಮ್ಮ ಸಿಪ್ಪಿ ಹೊಗಿ ಕುಡ್ದು ನನ್ನ ಮಗಳು ಸಾಯ್ಬೇಕೇನ್ರೀ?"

ಅವನು ಕುರ್ಚಿಯಿಂದ ಏಳಲೂ ಇಲ್ಲ. "ಎಂತದೇ ಮಾರಾಯ್ತಿ ನಿಂದು, ಬೆಳಗಾಗೋದ್ರೊಳಗೆ! ಇದೇನು ಫ್ಯಾಕ್ಟ್ರಿ ಹೊಗೆಯಾ? ಅಡಕೆ ಸಿಪ್ಪೆ ಹೊಗೆ, ಸೊಳ್ಳೆ ಓಡ್ಸೋ ಔಷಧಿ. ನಮ್ಮಜ್ಜಿ ತೊಂಬತ್ತು ವರ್ಷ ಒಲೆ ಊದಿದ್ಲು, ಎಂತ ಆಯ್ತು ಅವಳಿಗೆ?"

"ನಿಮ್ಮಜ್ಜಿ ಊದಿದ್ದು ಒಂದು ಒಲಿ. ನೀವು ಊರಿಗೆ ಊರೇ ಒಲಿ ಮಾಡೀರಿ."

"ಆಯ್ತು, ಆಯ್ತು. ಆರ್ಸೋ ವ್ಯವಸ್ಥೆ ಮಾಡ್ತೀನಿ, ಹೋಗು."

ವ್ಯವಸ್ಥೆ ಏನು ಗೊತ್ತೇ? ನನ್ನ ಗಂಡನನ್ನೇ ಕರೆಸಿ, ಊರಿನ ಪೈಪು ತಿರುಗಿಸಿ ರಾಶಿಯ ಮೇಲೆ ನೀರು ಹೊಡೆಯಲು ಹೇಳಿದ. ಯಾರು ಏನು ಹೇಳಿದರೂ ಹ್ಞೂಂ ಎನ್ನುವ ಗಂಡ ನನ್ನವನು. ಎರಡು ತಾಸು ನೀರು ಬಿಟ್ಟ. ಮೇಲಿನ ಮೊಳದಷ್ಟು ಸಿಪ್ಪೆ ಒದ್ದೆಯಾಯಿತು, ಒಳಗಿನ ಕೆಂಡ ಹಾಗೇ ಉಳಿಯಿತು. ಮೊದಲು ತೆಳ್ಳಗಿದ್ದ ಹೊಗೆ ಈಗ ಬೆಳ್ಳಗೆ ದಪ್ಪಗೆ ಉಕ್ಕಿ ಬಂದು ಮನೆಯೊಳಗೇ ಕೂತಿತು. ಮೂರು ದಿನ ಎದುರುಬದುರು ನಿಂತವರ ಮುಖ ಕಾಣಲಿಲ್ಲ. "ನಾನು ಆರ್ಸಿದ್ದೆ ಕಣೇ" ಎಂದು ಕೆಂಪಪ್ಪ ಅಳುಮೋರೆ ಮಾಡಿಕೊಂಡ. ನನ್ನ ಕೈಯಲ್ಲಿ ಸೌಟಿತ್ತು, ಹೇಗೋ ತಡೆದುಕೊಂಡೆ.

ಮೂರನೆಯ ದಿನ ರಜನಿಗೆ ಮಾತಾಡಲು ಉಸಿರು ಸಾಲದಾಯಿತು. ಶಿಕಾರಿಪುರದಲ್ಲಿ ಕರುಣಾ ಎಂಬ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಚಿಕ್ಕ ವಯಸ್ಸಿನವರು, ಮೆಲ್ಲಗೆ ಮಾತಾಡುವವರು. ಒಂದು ಮೆಷಿನ್ನಿನ ಕೊಳವೆ ಬಾಯಿಗೆ ಕೊಟ್ಟು ಊದಿಸಿದರು. ಕಾಗದದ ಮೇಲೆ ಬಂದ ಗೆರೆ ನೋಡಿ ಅವರ ಹುಬ್ಬು ಗಂಟಾಯಿತು.

"ಮನೇಲಿ ಬೀಡಿ, ಸಿಗರೇಟು ಯಾರು ಸೇದ್ತಾರೆ?"

ನನಗೆ ಮೈ ಉರಿಯಿತು. "ನಮ್ಮ ಮನ್ಯಾಗೆ ಆ ಚಟ ಯಾರಿಗೂ ಇಲ್ರೀ! ದೇವರ ಮುಂದೆ ಊದಿನಕಡ್ಡಿ ಹಚ್ಚೋದು ಬಿಟ್ರೆ ಇನ್ನೇನೂ ಹಚ್ಚಲ್ಲ."

"ಸಿಟ್ಟಾಗಬೇಡಿ ಅಮ್ಮ. ಹತ್ತು ವರ್ಷ ಸೇದಿದವರ ಥರ ಇದೆ ಇವಳ ಉಸಿರು, ಅದಕ್ಕೆ ಕೇಳಿದೆ." ಆಮೇಲೆ ಒಂದು ಚಿತ್ರ ತೋರಿಸಿ ಬಿಡಿಸಿ ಹೇಳಿದರು. ಉಸಿರಿನ ಕೊಳವೆಗಳ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳಿರುತ್ತವಂತೆ. ಅವುಗಳ ಮೇಲೆ ಕೂದಲಿನಂಥ ಎಳೆಗಳು. ಆ ಎಳೆಗಳು ಹಗಲೂ ರಾತ್ರಿ ಅಲ್ಲಾಡುತ್ತ, ಒಳಗೆ ಬಂದ ಧೂಳು, ಮಸಿಯನ್ನೆಲ್ಲ ಮೇಲಕ್ಕೆ ಗುಡಿಸಿ ಹಾಕುತ್ತವಂತೆ. ಹೊಗೆ ಮೊದಲು ಆ ಪೊರಕೆಯನ್ನೇ ಸುಡುತ್ತದೆ. ಆಮೇಲೆ ಕೋಶಗಳು ಸಾಯುತ್ತವೆ, ಗೋಡೆ ಊದಿಕೊಳ್ಳುತ್ತದೆ, ದಾರಿ ಕಿರಿದಾಗುತ್ತದೆ. ಇನ್ನೂ ಸಣ್ಣ ಮಸಿ ತಳಕ್ಕೇ ಇಳಿದು, ಗಾಳಿ ರಕ್ತಕ್ಕೆ ಸೇರುವ ಜಾಗದಲ್ಲಿ ಕೂರುತ್ತದೆ.

"ವಾಸಿ ಆಗ್ತದೇನ್ರೀ?"

"ಹೊಗೆ ನಿಂತರೆ ಬಹಳಷ್ಟು ಸುಧಾರಿಸುತ್ತೆ. ಹೊಸ ಕೋಶ ಹುಟ್ಟುತ್ತವೆ. ನಿಲ್ಲದಿದ್ದರೆ ಗಾಯದ ಮೇಲೆ ಗಾಯ ಆಗಿ ಅಲ್ಲೇ ಗಟ್ಟಿಯಾಗಿಬಿಡುತ್ತೆ." ಬಾಯಿಗೆ ಎಳೆದುಕೊಳ್ಳುವ ಪಂಪು ಬರೆದುಕೊಟ್ಟು, ಏನೋ ನೆನಪಾದವರಂತೆ ಕೇಳಿದರು, "ಸ್ನಾನಕ್ಕೆ ನೀರು ಯಾವುದರಲ್ಲಿ ಕಾಯಿಸ್ತೀರಿ?"

"ಎಲ್ರೂ ಕಾಯ್ಸಿದಂಗೆ ಕಾಯ್ಸೋದು" ಎಂದು ನಾನು ದಡಕ್ಕನೆ ಎದ್ದು ಚೀಲ ತೆಗೆದುಕೊಂಡೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಆಯಿತು ನನ್ನ ಕಥೆ.

ಆಮೇಲೆ ಅರ್ಜಿ ಹಿಡಿದು ಅಲೆದೆ. ನಮ್ಮ ಮನೆ ಶಿಕಾರಿಪುರ ತಾಲ್ಲೂಕು, ಎದುರಿನ ರಾಶಿ ಸೊರಬ ತಾಲ್ಲೂಕು, ನಡುವೆ ಇರುವುದು ಹದಿನೆಂಟು ಅಡಿ ಟಾರು. ಈ ಕಡೆಯ ಒಬ್ಬ ಸಾಹೇಬ, ರಾಶಿ ನಮ್ಮ ಸರಹದ್ದಿನಲ್ಲಿ ಇಲ್ಲವಲ್ಲ ಎಂದ. ಆ ಕಡೆಯವನು, ಅರ್ಜಿದಾರರು ನಮ್ಮ ತಾಲ್ಲೂಕಿನವರಲ್ಲವಲ್ಲ ಎಂದ. "ಹೊಗಿಗೆ ಸರಹದ್ದು ಗೊತ್ತಿಲ್ರೀ ಸ್ವಾಮಿ, ಅದು ಶಾಲಿಗೆ ಹೋಗಿಲ್ಲ" ಎಂದೆ. ಅವನು ನಕ್ಕ. ನಗುವ ಮಾತಾ ಅದು?

ಊರಿನವರಾದರೂ ನನ್ನ ಜೊತೆ ಬಂದರೇ? ಅರ್ಜಿಗೆ ಒಂದು ಹೆಬ್ಬೆಟ್ಟೂ ಬೀಳಲಿಲ್ಲ. ಪಕ್ಕದ ಮನೆಯ ನೀಲಾಂಬಿಕ, ಅವಳ ಮಾವ ರಾತ್ರಿಯಿಡೀ ಕೆಮ್ಮುವುದು ನನ್ನ ಮನೆಗೆ ಕೇಳುತ್ತದೆ, ಅವಳೂ ಕೈ ಒರೆಸಿಕೊಂಡು, "ಬ್ಯಾಡ ಕಣೇ ಮೂಕಿ, ಬಚ್ಚಲಿಗೆ ಸಿಪ್ಪಿ ಎಲ್ಲಿಂದ ತರೋಣ?" ಎಂದಳು. ನಿಜವಾದ ಸಂಗತಿ ಅದೇ. ನಮ್ಮೂರಿನ ಅಷ್ಟೂ ಬಚ್ಚಲೊಲೆ ಉರಿಯುವುದು ಆ ರಾಶಿಯ ಒಣ ಸಿಪ್ಪೆಯಿಂದ. ಬುಟ್ಟಿ ತೆಗೆದುಕೊಂಡು ಹೋದರೆ ಸಾಕು, ಕಾಡಿಗೆ ಹೋಗುವ ಕೆಲಸವಿಲ್ಲ, ಕಾಸು ಬಿಚ್ಚುವ ಕೆಲಸವಿಲ್ಲ. ಬೆಂಕಿ ಬಿದ್ದ ಮನೆಯಲ್ಲಿ ಗಳ ಹಿರಿದುಕೊಂಡು ಬದುಕುತ್ತಿದ್ದೇವೆ ಎಂದು ಅವಳಿಗೆ ಚೆನ್ನಾಗಿ ಬೈದೆ. ಬೈದು ಬಂದು ನನ್ನ ಬಚ್ಚಲೊಲೆಗೂ ಒಂದು ಬುಟ್ಟಿ ತುರುಕಿದೆ. ಮಗಳಿಗೆ ಬಿಸಿನೀರು ಬೇಕಲ್ಲ!

ಓಟದ ದಿನ ಶಿವಮೊಗ್ಗದ ಮೈದಾನದ ಗೇಟಿನ ಹೊರಗೆ ನಿಂತಿದ್ದೆ. ಒಳಗೆ ಬಿಡುವುದಿಲ್ಲ. ಹನ್ನೊಂದು ಗಂಟೆಗೆ ಅವಳು ಶೂ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಬಂದಳು.

"ಎಷ್ಟೇ?"

"ಎರಡು ನಿಮಿಷ ಮೂರು ಸೆಕೆಂಡು."

ಬಸ್ಸಿನಲ್ಲಿ ಅವಳು ಅಳಲಿಲ್ಲ. ಪಂಪು ಎಳೆದುಕೊಂಡು ಕಿಟಕಿಗೆ ತಲೆಯಾನಿಸಿ ಕೂತಳು. ನಾನೇ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಮೂರು ಸೆಕೆಂಡೆಂದರೆ ಎಷ್ಟು? ಒಂದು ಸಲ ಸೀನುವಷ್ಟು ಹೊತ್ತು. ಅಷ್ಟಕ್ಕೆ ಎರಡು ವರ್ಷದ ಬೆಳಗುಗಳೆಲ್ಲ ಹೋದವು.

ಊರಿನಲ್ಲಿ ಇಳಿದಾಗ ಸಂಜೆ ನಾಲ್ಕು. ಮನೆಯೆದುರು ವೀರಬಸಪ್ಪನ ಟ್ರ್ಯಾಕ್ಟರು ಹೊಸ ಲೋಡು ಸುರಿಯಲು ಟ್ರೇಲರು ಎತ್ತುತ್ತಿತ್ತು. ಡ್ರೈವರ್ ಚನ್ನೇಶ್ ನನ್ನನ್ನು ನೋಡಿ ಹಲ್ಲು ಕಿರಿದ. "ಅಕ್ಕಾ, ಬಚ್ಚಲಿಗೆ ಬುಟ್ಟಿ ತಾ, ಒಣಗಿದ್ದು ಐತೆ."

ನನಗೆ ಎಲ್ಲಿತ್ತೋ ಸಿಟ್ಟು. ಹೋಗಿ ಟ್ರೇಲರಿನ ಹಿಂದೆ ನಿಂತೆ. "ಸುರಿಯೋ. ನನ್ನ ಮ್ಯಾಲೆ ಸುರಿಯೋ! ಇಲ್ಲಾ ನನ್ನ ಮಗಳ ಮೂರು ಸೆಕೆಂಡು ಆ ಲೋಡಿನಾಗೆ ಐತೇನು ಹುಡುಕಿಕೊಡು!"

ಜನ ಸೇರಿತು. ನೀಲಾಂಬಿಕ ಬಂದಳು, ಕೆಂಪಪ್ಪ ನೀರಿನ ವಾಲ್ವು ತಿರುಗಿಸುವ ಕೀಲಿ ಹಿಡಿದು ಓಡಿ ಬಂದ. ಯಾರೋ ಫೋನು ಮಾಡಿದ್ದಕ್ಕೆ ವೀರಬಸಪ್ಪನೂ ಬುಲೆಟ್ಟಿನಲ್ಲಿ ಬಂದು ಇಳಿದ. ನಾನು ಅವನ ಮೂರು ತಲೆಮಾರು ಸೇರಿಸಿ ಬೈದೆ. ಅವನು ಎಲ್ಲ ಕೇಳಿಸಿಕೊಂಡು, ಜನರ ಕಡೆ ತಿರುಗಿ ಒಂದೇ ಮಾತು ಕೇಳಿದ.

"ಈ ಜಾಗಕ್ಕೆ ಮೊದಲ್ನೇ ಲೋಡು ಹಾಕ್ಸಿದ್ದು ಯಾರು ಅಂತ ಕೇಳಿ ಇವಳನ್ನ. ನಂಗೆ ಈ ರಸ್ತೆ ಬದಿ ಗೊತ್ತಿತ್ತಾ? ಕೆರೆ ಹಿಂದೆ ಹಾಕ್ತಿದ್ದವನು ನಾನು. ಶೆಡ್ಡಿಗೆ ಬಂದು ಕೈ ಮುಗಿದಿದ್ದು ಯಾರು? ಹೇಳೇ ಮಾರಾಯ್ತಿ!"

ರಜನಿ ನನ್ನ ಮುಖ ನೋಡಿದಳು. "ಅವ್ವಾ?"

ಇದೇ ನಾನು ನುಂಗಿಕೊಂಡಿದ್ದ ಮಾತು. ಏಳು ವರ್ಷದ ಹಿಂದೆ ರಜನಿ ಹೈಸ್ಕೂಲಿನಲ್ಲಿದ್ದಳು. ಚಳಿಗಾಲದಲ್ಲಿ ಬೆಳಿಗ್ಗೆ ತಣ್ಣೀರು ಸ್ನಾನ ಮಾಡಿ ನಡುಗುತ್ತಿದ್ದಳು, ಕಟ್ಟಿಗೆ ಸಿಗುತ್ತಿರಲಿಲ್ಲ. ನಾನೇ ಶೆಡ್ಡಿಗೆ ಹೋಗಿ, "ಒಂದು ಲೋಡು ಸಿಪ್ಪಿ ನಮ್ಮನಿ ಮುಂದೆ ಸುರೀರಿ ಧಣಿ, ಪುಣ್ಯ ಬರ್ತದೆ" ಎಂದು ಕೇಳಿಕೊಂಡಿದ್ದೆ. ಒಂದು ಲೋಡು ಬಂತು. ಅದರ ಹಿಂದೆ ಇನ್ನೊಂದು ಬಂತು. ಆಮೇಲೆ ದಾರಿ ಅವರಿಗೇ ಗೊತ್ತಾಯಿತು. ಮೊದಲ ವರ್ಷ ನಾರಿದಾಗ ಸೊಳ್ಳೆ ಹೋಗಲಿ ಎಂದು ಕಡ್ಡಿ ಗೀರಿದ ಪುಣ್ಯಾತ್ಮಳೂ ನಾನೇ.

"ಹೌದು, ನಾನೇ" ಎಂದೆ. "ಕೇಳಿದ್ದು ಒಂದು ಲೋಡು. ಕೇಳಿದ ಬಾಯಿಂದ್ಲೇ ಹೇಳ್ತೀನಿ, ಇವತ್ತಿಂದ ಒಂದು ಬೊಗಸಿನೂ ಇಲ್ಲಿ ಬೀಳ್ಬಾರ್ದು."

"ಹೇಳೋಕೆ ಸುಲಭ. ನಾಳೆ ನಿನ್ನ ಬಚ್ಚಲಿಗೆ ಎಂತ ಉರೀಲಿ?"

ನಾನು ಮನೆಯೊಳಗೆ ಹೋಗಿ ಹಾರೆ ತೆಗೆದುಕೊಂಡು ಬಚ್ಚಲೊಲೆಗೆ ಹೊಡೆದೆ. ನನ್ನ ಅತ್ತೆ ಕಟ್ಟಿದ ಒಲೆ. ಮೂರು ಏಟಿಗೆ ಬಾಯಿ ಬಿಟ್ಟಿತು, ಹಂಡೆ ಉರುಳಿ ನೀರು ಚೆಲ್ಲಿತು. ಮಸಿ ಹಿಡಿದ ಕಲ್ಲುಗಳನ್ನು ಒಂದೊಂದೇ ಎದೆಗೆ ಅವಚಿಕೊಂಡು ತಂದು ಟ್ರೇಲರಿನ ಹಿಂದೆ ಅಡ್ಡಕ್ಕೆ ಇಟ್ಟೆ, ಅದರ ಮೇಲೆ ಕೂತೆ. ಕೆಂಪಪ್ಪ ಅತ್ತ ಇತ್ತ ನೋಡಿ, ಜನ್ಮದಲ್ಲಿ ಮೊದಲ ಸಲ ಯಾರಿಗೂ ಹ್ಞೂಂ ಎನ್ನದೆ ನನ್ನ ಪಕ್ಕ ಬಂದು ಕೂತ. ಚನ್ನೇಶ್ ಟ್ರೇಲರು ಇಳಿಸಿದ. ಆ ಲೋಡು ವಾಪಸು ಹೋಯಿತು.

ಊರು ನನ್ನನ್ನು ಇನ್ನೂ ಬೈಯುತ್ತಿದೆ. ಬೇರೆ ಲೋಡು ಬಂದಿಲ್ಲ. ಹಳೆಯ ರಾಶಿ ಒಳಗೊಳಗೇ ಕನಲುತ್ತಿದೆ. ದಿನಾ ನಾನೂ ಕೆಂಪಪ್ಪನೂ ಮೂತಿಗೆ ಬಟ್ಟೆ ಕಟ್ಟಿಕೊಂಡು ಗುದ್ದಲಿಯಿಂದ ಕೆದಕಿ, ತೆಳ್ಳಗೆ ಹರಡಿ, ಮಣ್ಣು ಮುಚ್ಚುತ್ತಿದ್ದೇವೆ. ರಜನಿ ಹತ್ತು ದಿನ ನನ್ನ ಜೊತೆ ಮಾತಾಡಲಿಲ್ಲ. ಹನ್ನೊಂದನೆಯ ದಿನ, ಮುಂದಿನ ವರ್ಷ ಮತ್ತೆ ಅರ್ಜಿ ಹಾಕುತ್ತೇನೆ ಎಂದಷ್ಟೇ ಹೇಳಿ ತಣ್ಣೀರು ಸುರಿದುಕೊಳ್ಳಲು ಹೋದಳು.

ತಿಂಗಳಿಗೆ ಮತ್ತೆ ಡಾಕ್ಟರಮ್ಮನ ಹತ್ತಿರ ಹೋದೆವು. ರಜನಿ ಕೊಳವೆಗೆ ಬಾಯಿಟ್ಟು ಊದಿದಳು. ಅವರು ಹಳೆಯ ಚೀಟಿ ತಿರುವಿ, "ಮನೇಲಿ ಸೇದೋರು ಯಾರೂ ಇಲ್ಲ ಅಂತ ಬರ್ಕೊಂಡಿದ್ದೆ, ಅಲ್ವಾ?" ಎಂದರು.

"ಅದನ್ನ ಹೊಡೆದು ಹಾಕ್ರಿ ಡಾಕ್ಟ್ರೇ" ಎಂದೆ. "ಹಡೆದವ್ವನೇ ಏಳು ವರ್ಷ ಸೇದ್ಸಿದಾಳೆ ಅಂತ ಬರೀರಿ."

ಅವರು ಪೆನ್ನಿನ ಮುಚ್ಚಳ ತೆಗೆದು ನನ್ನ ಮುಖ ನೋಡಿದರು. "ಬರೀರಿ" ಎಂದು ಮತ್ತೆ ಹೇಳಿದೆ.